ಸೆವ್ರಿನ್ ಬಾಯಿ ಸುಮ್ಮನೆ ಕೂತರು

ಅಪ್ಪಯ್ಯ,

ನೀವಿನ್ನು ಓದಲಾರಿರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನೀವು ಸತ್ತ ಮೇಲೆ ಘಣಸೋಲಿಯ ಈ ಮನೆಯಲ್ಲಿ ಭಜನೆ ನಿಂತಿದೆ.

ಅಮ್ಮನಿಗೆ ಜ್ವರ ಬಿಟ್ಟಿಲ್ಲ. ಇವತ್ತು ಕೆಳಗಿನ ಮನೆಯ ಸೆವ್ರಿನ್ ಬಾಯಿ ಗಂಜಿ ತಂದಿದ್ದರು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೂ ನೀವು ಕೈಗೆ ತಾಳ ಕೊಟ್ಟು ಭಜನೆಗೆ ಕೂರಿಸುತ್ತಿದ್ದಿರಲ್ಲ, ಅವರೇ.

"ವಾರಿಜಕ್ಕಾ, ನಮ್ಮ ಯೇಸುವಿನ ಹತ್ರ ಪ್ರಾರ್ಥನೆ ಮಾಡ್ಲಾ? ಬೇಡಾಂದ್ರೆ ಸುಮ್ಮನೆ ಕೂತ್ಕೊಳ್ತೇನೆ."

"ಬೇಡ ಮಾರಾಯ್ತಿ," ಎಂದಳು ಅಮ್ಮ.

ಅವರು ನಿಜಕ್ಕೂ ಸುಮ್ಮನೆ ಕೂತರು, ಅಮ್ಮನ ಕಾಲೊತ್ತಿದರು. ಹೊರಟಾಗ ಅಮ್ಮನೇ ಅವರ ಕೈ ಹಿಡಿದಳು: "ನಿಮ್ಮ ಇಗರ್ಜಿಯಲ್ಲಿ ಎಂತ ಹಾಡ್ತೀರಿ? ಒಂದು ಹೇಳು, ಕೇಳ್ವ."

ಅವರು ಕೊಂಕಣಿಯಲ್ಲಿ ಹಾಡಿದರು. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

ನಿಮ್ಮ ಕಾಲದಲ್ಲಿ ಭಜನೆ ಮುಗಿಯುವ ತನಕ ಯಾರಿಗೂ ಊಟ ಬಡಿಸುವಂತಿರಲಿಲ್ಲ. ಅಮ್ಮ ಹಾಡುತ್ತಿದ್ದದ್ದು ಹಸಿವಿಗೆ, ಅಪ್ಪಯ್ಯ. ನಿಮಗದು ಭಕ್ತಿಯಾಗಿ ಕೇಳುತ್ತಿತ್ತು.

ಸಂಜೆ ಬೆಂಕಿಪೆಟ್ಟಿಗೆ ಹಿಡಿದು ನಾನೂ ಬಾಯಿಯವರ ಹಾಗೆಯೇ ಕೇಳಿದೆ: "ಅಮ್ಮಾ, ಅಪ್ಪಯ್ಯನ ಫೋಟೋದ ಎದುರು ದೀಪ ಹಚ್ಲಾ?"

"ಬೇಡ," ಎಂದಳು.

ನಾನು ಒತ್ತಾಯ ಮಾಡಲಿಲ್ಲ.