ಹೊಸಿಲಿಲ್ಲದ ವಠಾರ

ಚನ್ನಪಟ್ಟಣ
೧೪-೧೧-೧೯೩೮

ಚಿ।। ಸೌ।। ಗಿರಿಜಾಂಬಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ಶ್ರಾವಣದ ಕಾಗದಕ್ಕೆ ಕಾರ್ತಿಕದಲ್ಲಿ ಉತ್ತರ. ಸೋಮಾರಿತನ ಅಂದುಕೋ. ‘ನಿಮ್ಮ ಕಟ್ಟಡ ಹೇಗಿದೆ’ ಎಂದು ನೀನು ಕೇಳಿದ್ದೆ. ನಾನು ಹೇಗಿದ್ದೇನೆಂದು ಕೇಳಿರಲಿಲ್ಲ. ಹಾಗಾಗಿ ಕಟ್ಟಡದ ಸಮಾಚಾರವನ್ನೇ ಬರೆಯುತ್ತೇನೆ.

ಮುಂಬಯಿಯಲ್ಲಿ ಕಂಡಂತೆ, ಕಂಬ ಕೆತ್ತನೆಗಳ ಗೊಡವೆಯಿಲ್ಲದೆ, ನಮ್ಮದೂ ಸೇರಿ ನಾಲ್ಕು ಸಂಸಾರಕ್ಕೆ ಸಿಮೆಂಟಿನಲ್ಲಿ ಕಟ್ಟಿಸಿದೆ. ನೆಲ ಎಲ್ಲೂ ತಡೆಯದೆ ಹರಿಯಲಿ ಎಂದು ಹೊಸಿಲು ಇಡಿಸಲಿಲ್ಲ. ಊರಿಗೆ ಅದು ಇವತ್ತಿಗೂ ‘ಬೆಂಕಿಪೊಟ್ಟಣದ ವಠಾರ’. ಬಾಡಿಗೆಗೆ ಬಂದವರಿಗೂ ಆ ಹೆಸರೇ ಸರಿ. ರೇಷ್ಮೆ ವ್ಯಾಪಾರದ ಮಲ್ಲಿಕಾರ್ಜುನಯ್ಯ ಅಗಲ ಕಿಟಕಿಗಳಿಗೆ ಗೋಣಿತಾಟು ಹೊಡೆದಿದ್ದಾನೆ. ಬೆಳಕು ಬಂದರೆ ಐಶ್ವರ್ಯ ಬೀದಿಗೆ ಕಾಣುತ್ತದಂತೆ. ಪಕ್ಕದ ಮನೆಗೆ ಬಂದ ಲಕ್ಕಯ್ಯ ತಾರಸಿಗೆ ಕುರಿ ಹತ್ತಿಸಿದ. ಕೇಳಿದರೆ, "ಮೇಲ್ಗಡೆ ಸುಮ್ನೆ ಖಾಲಿ ಬಿದ್ದೈತಲ್ಲ ಬುದ್ಧಿ, ಒಸಿ ಗಾಳಿ ಕುಡ್ಕಳ್ಳಿ" ಅಂದ.

ಕೆಳಮನೆಯ ಬೋರಮ್ಮ ಇನ್ನೂ ಮುಂದೆ. ಬೊಂಬೆ ಕಡೆಯುವ ಶುಕೂರನಿಂದ ಹೊಸಿಲು ಮಾಡಿಸಿದಳು. ಅವನಿಗೆ ಗೊತ್ತಿರುವುದು ಒಂದೇ ಕೆಲಸ: ಮರವನ್ನು ದುಂಡಗೆ ಕಡೆದು, ಅರಗಿನಲ್ಲಿ ಕೆಂಪು ಹಳದಿ ಪಟ್ಟೆ ಹಾಕಿ ತಂದ.

"ಏನಯ್ಯಾ, ಇದು ಹೊಸಿಲೋ ಲಟ್ಟಣಿಗೆಯೋ?" ಎಂದೆ.

"ಲಕ್ಷ್ಮಿ ದಾಟುದ್ರೆ ಹೊಸ್ಲು ಸಾಮಿ, ಜಾರುದ್ರೆ ಲಟ್ಟಣಿಗೆ!"

ಆ ಆಟದ ಸಾಮಾನಿಗೆ ಬೋರಮ್ಮ ದಿನವೂ ಅರಿಶಿನ ಹಚ್ಚುತ್ತಾಳೆ. ಮಿಕ್ಕ ಇಬ್ಬರೂ ಮಾಡಿಸಿಕೊಂಡರು. ಇಂಥವರಿಗಾಗಿ ನಾನು ನಕ್ಷೆ ಬರೆದೆ.

ಆಷಾಢದಲ್ಲಿ ನಿಮ್ಮತ್ತೆ ರೇವಮ್ಮನವರು ನಮ್ಮ ಬಾಗಿಲಲ್ಲೇ ನಿಂತು, "ಹೊಸ್ಲೇ ಇಲ್ದಿರೋ ಮನೇಲಿ ಬಾಣಂತನವಾ? ಛತ್ರದಲ್ಲಿ ಹೆತ್ತಂಗೆ ಆಯ್ತದೆ" ಎಂದರು. "ಮಗು ಬರುವುದು ಹೊಟ್ಟೆಯಿಂದ, ಹೊಸಿಲಿನಿಂದಲ್ಲ" ಎಂದೆ ನಾನು. ಅವರು ಬಾಗಿಲಿಂದಲೇ ಹಿಂದಿರುಗಿದರು. ಮರುದಿನ ನೀನೂ ನಿನ್ನ ಅವ್ವನೂ ಕೂಟಗಲ್ಲಿನ ಸೋದರಮಾವನ ಮನೆಗೆ ಗಾಡಿ ಹತ್ತಿದಿರಿ. ಮಾತಿನಲ್ಲಿ ಗೆದ್ದೆನೆಂದು ಆ ಸಂಜೆ ಒಬ್ಬನೇ ಕಾಫಿ ಮಾಡಿಕೊಂಡು ಕುಡಿದೆ.

ಅವ್ವನ ಮಂಡಿಗೆ ಎಣ್ಣೆ ಕಳಿಸಿದ್ದೇನೆ. ತಣ್ಣೀರು ಮುಟ್ಟಬೇಡ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಾನು ಹೇಳಿದರೆ ಅವನು ಕೇಳುತ್ತಾನೋ ಇಲ್ಲವೋ.

ಇತಿ,
ವೃಷಭೇಂದ್ರಪ್ಪ

ತಾ.ಕ.: ನಿನಗೆ ಹೆಣ್ಣುಮಗು ಆಗಿರುವುದನ್ನು ನನಗೆ ಹೇಳಿದ್ದು ಬೋರಮ್ಮ. ಅವಳಿಗೆ ಸಂತೆಯಲ್ಲಿ ಯಾರೋ ಹೇಳಿದರಂತೆ. ನಮ್ಮ ಬಾಗಿಲಿಗೂ ಶುಕೂರ ಒಂದು ಕೂರಿಸಿ ಹೋಗಿದ್ದಾನೆ. ಪಟ್ಟೆ ಬೇಡವೆಂದರೂ ಕೇಳಲಿಲ್ಲ. ನನಗೆ ಅಭ್ಯಾಸವಿಲ್ಲ, ದಿನವೂ ಎಡವುತ್ತೇನೆ. ನೀನು ಮಗುವನ್ನು ಎತ್ತಿಕೊಂಡು ಬರುವಾಗ ಕಾಲು ನೋಡಿಕೊಂಡು ಇಡು.