ನಡವಳಿ ಪುಸ್ತಕದಲ್ಲಿ ಹನ್ನೆರಡು ಪದಗಳು

ಗುಬ್ಬಿ
19 ನವೆಂಬರ್ 2025, ಬುಧವಾರ

ಪ್ರೀತಿಯ ಸುಧಾ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ನಾಲ್ಕು ತಿಂಗಳಾಯಿತು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಾದ್ದರಿಂದ ಸ್ಪೀಡ್ ಪೋಸ್ಟಿನಲ್ಲಿ ನಿನ್ನ ಕೊತ್ತಗೆರೆಯ ಮನೆಗೇ ಬರುತ್ತಿದ್ದೇನೆ. ಓದಿ ಆಮೇಲೆ ಹರಿ.

ಮೊದಲು ಕ್ಷಮೆ, ಆಮೇಲೆ ವಾದ. ಜುಲೈನಲ್ಲಿ ತುಮಕೂರಿನಲ್ಲಿ ನಡೆದ ಆ ಕ್ರಿಪ್ಟೋ ಚರ್ಚೆಯಲ್ಲಿ, ನಲವತ್ತು ಜನರ ಎದುರಿಗೆ, "ನೀನು ಕುಣಿಗಲ್ ಸೊಸೈಟಿ ಗುಮಾಸ್ತೆ, ಸಂಬಳ ಕೊಡೋರ ಪರವಾಗಿ ಮಾತಾಡ್ತಿದೀಯ" ಎಂದು ಅಂದದ್ದು ತಪ್ಪು. ನೀನು ಕೇಳಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಕಿತ್ತು. ಅದಕ್ಕೆ ನಿನ್ನ ಕೆಲಸವನ್ನು ಎಳೆದು ತಂದೆ. ನೀನು ಮೈಕನ್ನು ಮೇಜಿನ ಮೇಲಿಟ್ಟು ಇಳಿದು ಹೋದೆ. ಕ್ಯಾತ್ಸಂದ್ರದ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಒಂದೇ ಬಕೆಟ್ ಹಂಚಿಕೊಂಡವಳಿಗೆ ಹಾಗೆ ಅನ್ನಬಾರದಿತ್ತು. ಕ್ಷಮಿಸು.

ಆದರೆ ತಪ್ಪಿದ್ದು ನನ್ನ ನಾಲಿಗೆ, ನನ್ನ ವಾದವಲ್ಲ. ಕ್ರಿಪ್ಟೋ ಎಂಬ ಈ ಡಿಜಿಟಲ್ ಹಣ ಉಳಿಯುತ್ತದೆಯೇ, ನಮ್ಮ ನಿಮ್ಮಂಥವರ ಕೈಗೆ ಬರುತ್ತದೆಯೇ ಎಂಬ ಪ್ರಶ್ನೆಗೆ ಇವತ್ತೂ ನನ್ನದು ಅದೇ ಉತ್ತರ: ಉಳಿಯುತ್ತದೆ, ಬರುತ್ತದೆ. ನಾನು ಕೆಲಸ ಮಾಡುವ ತುಮಕೂರಿನ ಬಟವಾಡಿಯ ಜೆರಾಕ್ಸ್ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಈ ಹಣದ ಬಗ್ಗೆ ಸಿಕ್ಕ ಪ್ರತಿ ಕರಪತ್ರವನ್ನೂ ಪ್ರಿಂಟ್ ತೆಗೆದು ಪಿನ್ ಹೊಡೆದು ಓದಿದ್ದೇನೆ. ಪರವಾದದ್ದನ್ನೂ, ವಿರೋಧವಾದದ್ದನ್ನೂ. ಇದು ಸತ್ತುಹೋಯಿತು ಎಂದು ಎಷ್ಟು ಸಲ ಬರೆದಿದ್ದಾರೆ ಗೊತ್ತೇ? ಅಷ್ಟು ಸಲ ಸತ್ತರೂ ಇನ್ನೂ ಉಸಿರಾಡುತ್ತಿರುವುದಕ್ಕೆ ಬೇರು ಇದ್ದೇ ಇರುತ್ತದೆ. ನೋಟು ರದ್ದಾದ ಆ ನವೆಂಬರಿನಲ್ಲಿ ನಮ್ಮಮ್ಮ ಅಗರಬತ್ತಿ ಹೊಸೆದು ಕೂಡಿಟ್ಟ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂರು ದಿನ ಸಾಲಿನಲ್ಲಿ ನಿಂತದ್ದನ್ನು ನಾನು ಮರೆತಿಲ್ಲ. ಮೂರನೇ ದಿನ ಅವರು ತಲೆ ತಿರುಗಿ ಫುಟ್‌ಪಾತಿನ ಮೇಲೆ ಕೂತರು, ಪಕ್ಕದವರು ಅವರ ಜಾಗ ಹಿಡಿದುಕೊಂಡರು. ನಾನಾಗ ಒಂಬತ್ತನೇ ಕ್ಲಾಸು. ಯಾರೋ ಮೇಲೆ ಕೂತು ರದ್ದು ಮಾಡಲಾಗದ ಹಣ ಬೇಕು ಎಂದು ಅವತ್ತೇ ನನಗೆ ಅನ್ನಿಸಿತ್ತು, ಹೆಸರು ಮಾತ್ರ ಆಮೇಲೆ ತಿಳಿಯಿತು.

ಸರ್ಕಾರ ಇದರ ಲಾಭಕ್ಕೆ ನೂರಕ್ಕೆ ಮೂವತ್ತು ತೆರಿಗೆ ಹಾಕಿದೆ, ಅಂದರೆ ಇದೆ ಎಂದು ಒಪ್ಪಿಕೊಂಡ ಹಾಗೆ ಎಂದು ನಾನು ಅಂದಾಗ, ನೀನು "ಲಾಟರಿಗೂ ತೆರಿಗೆ ಇದೆ ಕಣೇ" ಎಂದು ಇಡೀ ಸಭೆಯನ್ನು ನಗಿಸಿದೆ. ಆ ಏಟು ನಿನ್ನದೇ, ಬಿಟ್ಟುಕೊಡುತ್ತೇನೆ. ಕಡಲೆಕಾಯಿ ಗಾಡಿಯವನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ತೆಗೆದುಕೊಳ್ಳುವ ಊರಿನಲ್ಲಿ ಇನ್ನೊಂದು ಹಣ ಯಾರಿಗೆ ಬೇಕು ಎಂದೂ ಕೇಳಿದೆ. ಅದಕ್ಕೆ ನನ್ನಲ್ಲಿ ಉತ್ತರವಿದೆ: ಆ ಸ್ಕ್ಯಾನಿನ ಹಿಂದೆ ಒಂದು ಖಾತೆ ಇದೆ, ಖಾತೆಯ ಹಿಂದೆ ಒಂದು ಬೀಗ ಇದೆ, ಬೀಗದ ಕೈ ನಿನ್ನ ಬಳಿ ಇಲ್ಲ. ಆದರೆ ಅವತ್ತು ನೀನು ಕೊನೆಗೆ ಕೇಳಿದ ಪ್ರಶ್ನೆ ಬೇರೆ. "ತಪ್ಪಾದರೆ ಯಾರನ್ನು ಹೋಗಿ ಕೇಳಬೇಕು? ನಮ್ಮ ಸೊಸೈಟಿಯಲ್ಲಾದರೆ ನನ್ನ ಕೌಂಟರಿಗೆ ಬಂದು ಬಯ್ಯುತ್ತಾರೆ. ನಿನ್ನದರಲ್ಲಿ ಯಾರನ್ನು ಬಯ್ಯೋದು?" ಆಗಲೇ ನಾನು ಸಂಬಳದ ಮಾತೆತ್ತಿದ್ದು.

ಈಗ ನಿನಗೆ ಹೇಳದೆ ಮುಚ್ಚಿಟ್ಟಿದ್ದ ಒಂದು ವಿಷಯ. ಆ ಚರ್ಚೆಗೆ ಬರುವ ಮೊದಲೇ ನಾನು ಇದನ್ನು ನಮ್ಮ ಗುಬ್ಬಿಯಲ್ಲಿ ಮಾಡಿ ನೋಡಿದ್ದೆ. ನಮ್ಮಮ್ಮ ಖುರ್ಷಿದಾ ಬೇಗಂ ಇರುವ ಅಗರಬತ್ತಿಯ ಸಂಘ ನಿನಗೆ ಗೊತ್ತಲ್ಲ, ಹನ್ನೊಂದು ಹೆಂಗಸರು. ಬತ್ತಿ ಹೊಸೆಯುವ ಯಂತ್ರವೊಂದನ್ನು ಕೊಳ್ಳಬೇಕೆಂದು ತಲೆಗೆ ಎರಡು ಸಾವಿರದಂತೆ ಇಪ್ಪತ್ತೆರಡು ಸಾವಿರ ಕೂಡಿಸಿದ್ದರು. ಯುಗಾದಿಯ ಹಿಂದಿನ ವಾರ ಅವರೆದುರು ಎರಡು ಗಂಟೆ ಮಾತಾಡಿ, ಏಳು ಜನರ ಕೈ ಎತ್ತಿಸಿ, ಆ ಹಣವನ್ನು ಬಿಟ್‌ಕಾಯಿನ್ ಮಾಡಿಸಿದೆ. ಸಂಘದ ಹಳೇ ಸ್ಮಾರ್ಟ್‌ಫೋನಿನಲ್ಲಿ ಆ ಹಣ ಇಡುವ ವ್ಯಾಲೆಟ್ ತೆರೆದೆವು. ತೆರೆದಾಗ ಅದು ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ಆ ಪದಗಳು ಯಾರ ಬಳಿ ಇವೆಯೋ ಹಣ ಅವರದು. ಜಗತ್ತಿನ ಯಾವ ಮೂಲೆಯಲ್ಲಿ ಕೂತು ಯಾವ ಫೋನಿಗೆ ಹಾಕಿದರೂ ಸರಿ. ಸಂಘದ ಕಾರ್ಯದರ್ಶಿ ಸರ್ವಮಂಗಳ ಅವನ್ನು ಚೀಟಿಯಲ್ಲಿ ಬರೆಯುವಾಗ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ನನಗೂ ಗೊತ್ತಿರಬಾರದು, ಅದೇ ನನ್ನ ಹೆಮ್ಮೆ. ಚೀಟಿಯನ್ನು ಅಧ್ಯಕ್ಷೆ ಕದರಮ್ಮನ ಕೈಗೆ ಕೊಟ್ಟು, ಇದನ್ನು ಗಂಡನಿಗೂ ತೋರಿಸಬೇಡಿ ಎಂದು ಹೇಳಿದೆ. ಫೋನು ಸಂಘದ ಕಬ್ಬಿಣದ ಪೆಟ್ಟಿಗೆಗೆ ಹೋಯಿತು. ಅದು ಮೂರು ಬೀಗದ ಪೆಟ್ಟಿಗೆ, ತಿಂಗಳ ಸಭೆಯಲ್ಲಿ ಮಾತ್ರ ತೆಗೆಯುತ್ತಾರೆ.

ಎಂಟು ತಿಂಗಳು ಎಲ್ಲವೂ ಸರಿಯಾಗಿತ್ತು. ವ್ಯಾಲೆಟ್ಟಿನ ವಿಳಾಸ ಗೊತ್ತಿದ್ದರೆ ಸಾಕು, ಒಳಗೆಷ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು. ನಾನು ದಿನವೂ ಕೆಲಸಕ್ಕೆ ಹೋಗುವ ರೈಲಿನಲ್ಲಿ ನೋಡುತ್ತಿದ್ದೆ. ಬೆಲೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಇವತ್ತಿನ ಬೆಲೆ ಬರೆಯುವುದಿಲ್ಲ, ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಅದು ಬದಲಾಗಿರುತ್ತದೆ ಎಂದು ನೀನು ನಗುತ್ತೀಯ.

ಹೋದ ಶುಕ್ರವಾರ ಈ ಹಣದ ಪರವಾಗಿ ನಾನೇ ಬರೆಯುತ್ತಿರುವ ಹೊಸ ಕರಪತ್ರಕ್ಕೆ ಈ ಸಂಘದ ಕಥೆ ಬರೆಯೋಣವೆಂದು ಸರ್ವಮಂಗಳನ ಮನೆಗೆ ಹೋದೆ. ಜಗುಲಿಯ ಮೇಲೆ ಐದಾರು ಹೆಂಗಸರು ಬತ್ತಿ ಹೊಸೆಯುತ್ತಿದ್ದರು. ಏಳು ಜನ ಕೈ ಎತ್ತಿದ ಸಭೆಯ ತಾರೀಕು ಬೇಕು ಅಂದೆ. ಅವಳು ನಡವಳಿ ಪುಸ್ತಕ ಕೊಟ್ಟಳು. ಸಭೆಯಲ್ಲಿ ಆದದ್ದನ್ನೆಲ್ಲ ಬರೆದು, ಓದಿ ಹೇಳಿ, ಸಹಿ ಹೆಬ್ಬೆಟ್ಟು ಹಾಕಿಸುವ ಆ ಉದ್ದನೆಯ ಪುಸ್ತಕ. ಪುಟ ತಿರುಗಿಸಿದೆ. ಏಪ್ರಿಲ್ ಸಭೆ, ಮೂರನೇ ವಿಷಯ: "ಸಂಘದ ಹೊಸ ಹಣದ ಹನ್ನೆರಡು ಪದಗಳನ್ನು ಸಭೆಗೆ ಓದಿ ಹೇಳಲಾಯಿತು." ಕೆಳಗೆ ಹನ್ನೆರಡೂ ಪದಗಳು, ಮೊದಲು ಇಂಗ್ಲಿಷಿನಲ್ಲಿ, ಎಲ್ಲರಿಗೂ ಓದಲು ಬರಲಿ ಎಂದು ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ. ಅದರ ಕೆಳಗೆ ಹನ್ನೊಂದು ಸಹಿ. ಅಮ್ಮನದೂ ಇತ್ತು.

ಈ ಪುಸ್ತಕ ಎಲ್ಲೆಲ್ಲಿಗೆ ಹೋಗಿತ್ತು ಎಂದು ಕೇಳಿದೆ. ಸಾಲದ ನವೀಕರಣಕ್ಕೆ ಬ್ಯಾಂಕಿಗೆ ಹೋಗಿತ್ತಂತೆ, ಅಲ್ಲಿ ಎಲ್ಲ ಪುಟ ಜೆರಾಕ್ಸ್ ಮಾಡಿ ಫೈಲಿಗೆ ಹಾಕಿದರಂತೆ. ಸಂಘಗಳ ಒಕ್ಕೂಟದ ಕಚೇರಿಯಲ್ಲಿ ಹದಿನೈದು ದಿನ ಬಿದ್ದಿತ್ತಂತೆ. ಆಡಿಟ್‌ಗೂ ಹೋಗಿತ್ತಂತೆ. ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಫೋನು ನೋಡಿ, ಸುಧಾರಿಸಿಕೊಂಡು ಹೊರಗೆ ಬಂದು ಬಯ್ಯಲು ಶುರು ಮಾಡಿದೆ. ಗುಟ್ಟು ಅಂದರೆ ಗುಟ್ಟು, ಇದನ್ನು ಓದಿದವರು ಯಾರು ಬೇಕಾದರೂ ನಿಮ್ಮ ಹಣ ಎತ್ತಿಕೊಂಡು ಹೋಗಬಹುದಿತ್ತು ಎಂದು ಕೂಗಾಡಿದೆ.

ಕದರಮ್ಮ ಹೊಸೆಯುತ್ತಿದ್ದ ಬತ್ತಿಯನ್ನು ಮುಗಿಸಿಯೇ ತಲೆ ಎತ್ತಿದರು.

"ಸಂಘದ್ ಸೊತ್ತ ನಾನೊಬ್ಳೇ ಗುಟ್ಟಾಗ್ ಇಕ್ಕೊಂಡ್ರೆ ಅದು ನನ್ ಸೊತ್ತಾಯ್ತದೆ ಕಣವ್ವ. ನಾಳೀಕೆ ನಾನ್ ಸತ್ತೋದ್ರೆ? ಇಪ್ಪತ್ ವರ್ಸದಿಂದ ಏನ್ ಬಂದ್ರೂ ಓದಿ ಬರ್ಕೊತೀವಿ. ಇದನ್ನೂ ಬರ್ಕೊಂಡೊ."

ಸರ್ವಮಂಗಳ ತಲೆ ತಗ್ಗಿಸಿದ್ದಳು. ಅವಳು ಪಿಯುಸಿ ಓದಿದವಳು, ಅನುಮಾನ ಬಂದಿತ್ತಂತೆ, ಆದರೆ ಬರೆಯದೆ ಬಿಟ್ಟರೆ ನಾಳೆ ತನ್ನ ಮೇಲೆ ಮಾತು ಬರುತ್ತದೆ ಎಂದು ಬರೆದಳಂತೆ. ಬೇರೆ ಯಾರೂ ತಪ್ಪು ಮಾಡಿದವರ ಹಾಗೆ ಕಾಣಲಿಲ್ಲ. ಕದರಮ್ಮ ನನ್ನ ಮುಖವನ್ನೇ ನೋಡುತ್ತಾ, "ಆಯ್ತು, ಎಂಟ್ ತಿಂಗಳಾತಲ್ಲ, ಯಾರ್ ತಗೊಂಡ್ರು ಹೇಳು" ಎಂದು ಕೇಳಿದರು. ಯಾರೂ ತೆಗೆದುಕೊಂಡಿಲ್ಲ, ಹಣ ಭದ್ರವಾಗಿದೆ ಎಂದೆ. "ಮತ್ಯಾಕೆ ಬಾಯಿ ಬಡ್ಕೊತೀಯ" ಎಂದು ಮಂಜುಳಮ್ಮ ನಕ್ಕರು. ಅವರು ಮಾರ್ಚಿನಲ್ಲಿ ಕೈ ಎತ್ತದ ನಾಲ್ವರಲ್ಲಿ ಒಬ್ಬರು.

ಸುಧಾ, ನಾನು ಸೋತೆ ಎಂದು ತಿಳಿಯಬೇಡ. ಅಲ್ಲೇ ಕೂತು ಯೋಚಿಸಿದೆ. ಯಾರನ್ನೂ ನಂಬಬೇಕಾಗಿಲ್ಲದ ಹಣ ಎಂದು ನಾನು ಇಷ್ಟು ದಿನ ಸಾರಿಕೊಂಡು ಬಂದೆ. ಇವರ ಹಣ ಎಂಟು ತಿಂಗಳು ನಿಂತದ್ದು ಹನ್ನೊಂದು ಜನರೂ ಒಬ್ಬರನ್ನೊಬ್ಬರು ನಂಬಿದ್ದರಿಂದ. ಕರಪತ್ರ ಬರೆಯುವವರು ಗುಬ್ಬಿಯ ಜಗುಲಿಯಲ್ಲಿ ಕೂತು ಬರೆದವರಲ್ಲ, ಅಷ್ಟೇ. ಒಬ್ಬನೇ ಒಂದು ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಬದುಕುವವನಿಗೆ ಅವರು ಬರೆದರು. ನಮ್ಮಂಥವರ ನಡುವೆ ಈ ಹಣ ಬರಬೇಕಾದರೆ ನಮ್ಮ ಪೆಟ್ಟಿಗೆಯ ಆಕಾರಕ್ಕೆ ಬರಬೇಕು. ಬರಲೂ ಆಗುತ್ತದೆ, ದಾರಿ ಆಗಲೇ ಇದೆ: ಒಂದೇ ವ್ಯಾಲೆಟ್ಟಿಗೆ ಮೂರು ಕೀಲಿ ಮಾಡಬಹುದು. ಮೂರರಲ್ಲಿ ಎರಡು ಸೇರಿದರೆ ಮಾತ್ರ ಹಣ ಕದಲುತ್ತದೆ. ಒಂದು ಕಳೆದರೂ ಹಣ ಹೋಗುವುದಿಲ್ಲ. ಯಾವ ಕೀಲಿ ಯಾರ ಬಳಿ ಎಂದು ಪುಸ್ತಕದಲ್ಲಿ ಬರೆಯಬಹುದು, ಕೀಲಿಯ ಪದಗಳನ್ನು ಮಾತ್ರ ಬರೆಯುವಂತಿಲ್ಲ.

ಇದನ್ನು ಹೇಳಿದಾಗ ಕದರಮ್ಮ ಮೊದಲ ಸಲ ಬತ್ತಿಯ ಹಲಗೆಯನ್ನು ಪಕ್ಕಕ್ಕಿಟ್ಟರು. ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ತಾವೂ ಬರೆದುಕೊಳ್ಳುವುದು ಹಾಗೆಯೇ, ಕೈಯ ಚಿತ್ರವನ್ನೇನೂ ಬರೆಯುವುದಿಲ್ಲ ಎಂದು ಒಪ್ಪಿದರು. ಒಂದು ಅಧ್ಯಕ್ಷೆಗೆ, ಒಂದು ಕಾರ್ಯದರ್ಶಿಗೆ. ಮೂರನೆಯದು ನನಗೆ ಎಂದು ನಾನು ಅಂದುಕೊಂಡೇ ಇದ್ದೆ. ಅವರು ತಲೆ ಅಲ್ಲಾಡಿಸಿದರು. ಆಗ ತಿಳಿಯಿತು, ಆ ಸಂಘದಲ್ಲಿ ಮೂರನೇ ಬೀಗದ ಕೈ ಯಾವಾಗಲೂ ಬೇಡ ಎಂದವರಿಗೆ ಹೋಗುತ್ತದಂತೆ. ಪೆಟ್ಟಿಗೆಯನ್ನೇ ಕೊಳ್ಳುವುದು ಬೇಡ ಎಂದು ಇಪ್ಪತ್ತು ವರ್ಷದ ಹಿಂದೆ ಜಗಳ ತೆಗೆದಿದ್ದ ಮಂಜುಳಮ್ಮನ ಬಳಿ ಇವತ್ತಿಗೂ ಅದರ ಮೂರನೇ ಕೈ ಇದೆ. ಹೂಂ ಎಂದ ಮೂವರೇ ಸೇರಿದರೆ ಪೆಟ್ಟಿಗೆ ತೆಗೆಯಲು ಹೊತ್ತು ಹಿಡಿಯುವುದಿಲ್ಲವಲ್ಲ. ಹಾಗಾದರೆ ಇದನ್ನೂ ಮಂಜುಳಮ್ಮನೇ ಇಟ್ಟುಕೊಳ್ಳಲಿ ಎಂದೆ. ಅವರೇ ಒಪ್ಪಲಿಲ್ಲ.

"ನಾನ್ ಬ್ಯಾಡ ಅಂದಿದ್ದು ತಿಳೀದೆ ಕಣವ್ವ. ತಿಳ್ದು ಬ್ಯಾಡ ಅನ್ನೋಳು ಯಾರಾದ್ರೂ ಅವ್ಳಾ?"

ಅಮ್ಮನೂ ಆ ಹೆಂಗಸರ ನಡುವೆ ಕೂತು ಬತ್ತಿ ಹೊಸೆಯುತ್ತಿದ್ದರು. ಅವರು ನಿನ್ನ ಹೆಸರು ಹೇಳಿದರು. ಕೊತ್ತಗೆರೆಯ ಹುಡುಗಿ, ಸೊಸೈಟಿಯಲ್ಲಿದ್ದಾಳೆ, ಲೆಕ್ಕ ಗೊತ್ತು, ಈ ಹಣದ ಬಗ್ಗೆ ಮಾತಾಡಿ ನಮ್ಮವಳ ಬಾಯಿ ಮುಚ್ಚಿಸಿದವಳು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಚರ್ಚೆಯಿಂದ ಮನೆಗೆ ಬಂದು ನೀನು ಅತ್ತದ್ದನ್ನೂ ಹೇಳಲಾ" ಎಂದು ಉರ್ದುವಿನಲ್ಲಿ ಕೇಳಿದರು. ಬೇಡ ಎಂದೆ.

ಹಾಗಾಗಿ ಈ ಕಾಗದ. ಭಾನುವಾರ, 23ಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ ಸರ್ವಮಂಗಳನ ಮನೆಯಲ್ಲಿ ತಿಂಗಳ ಸಭೆ. ಪೆಟ್ಟಿಗೆ ತೆಗೆಯುತ್ತಾರೆ. ಮೂರನೇ ಕೀಲಿಗೆ ಆಳು ಸಿಕ್ಕರೆ ಹಣ ಹೊಸ ವ್ಯಾಲೆಟ್ಟಿಗೆ ಹೋಗುತ್ತದೆ, ಸಿಗದಿದ್ದರೆ ಅದನ್ನು ಮಾರಿ ಬ್ಯಾಂಕಿಗೆ ಹಾಕುತ್ತಾರೆ. ಕದರಮ್ಮ ಹಾಗೆಂದು ತೀರ್ಮಾನ ಮಾಡಿದ್ದಾರೆ, ಅವರ ತೀರ್ಮಾನದ ಮೇಲೆ ನಾನು ಇನ್ನು ಎರಡು ಗಂಟೆ ಮಾತಾಡಿ ಪ್ರಯೋಜನವಿಲ್ಲ. ನಿನಗೆ ಇದರಲ್ಲಿ ನಂಬಿಕೆ ಬರಬೇಕಾಗಿಲ್ಲ. ಬಂದರೆ ಕೆಲಸ ಕೆಡುತ್ತದೆ. ಇದು ಉಳಿಯಲ್ಲ ಎಂದು ಹೇಳುತ್ತಲೇ ಕೀಲಿ ಇಟ್ಟುಕೋ, ಪ್ರತಿ ಸಭೆಯಲ್ಲೂ ಹೇಳು, ಅವರು ಬರೆದುಕೊಳ್ಳಲಿ. ನೀನು ಹೇಳುತ್ತಿರುವಷ್ಟು ದಿನ ಇದು ಉಳಿಯುತ್ತದೆ ಎಂದು ನಾನು ಗುಂಡು ಹೊಡೆದ ಹಾಗೆ ಹೇಳುತ್ತೇನೆ. ಬಿಟ್‌ಕಾಯಿನ್ ಹತ್ತು ಜನ ಸಾಹುಕಾರರ ಆಟವಾಗಿ ಉಳಿದರೆ ಅದು ಸಾಯಲಿ, ನನಗೆ ದುಃಖವಿಲ್ಲ. ಆದರೆ ಹನ್ನೊಂದು ಹೆಂಗಸರು ತಮ್ಮ ಕಟ್ಟಳೆಗೆ ತಕ್ಕಂತೆ ಅದನ್ನು ಬಗ್ಗಿಸಿಕೊಂಡರೆ ಅದನ್ನು ಕೊಲ್ಲಲು ಯಾರಿಂದಲೂ ಆಗುವುದಿಲ್ಲ.

ಕುಣಿಗಲ್‌ನಿಂದ ಏಳೂವರೆ ಬಸ್ಸು ಹಿಡಿದರೆ ಸಾಕು, ತುಮಕೂರಿನಲ್ಲಿ ಗುಬ್ಬಿ ಬಸ್ಸು ಸಿಗುತ್ತದೆ. ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಅಮ್ಮ ನಿನಗೆಂದು ಬಿಸಿ ಬಿಸಿ ಶಾವಿಗೆ ಮಾಡುತ್ತಾರಂತೆ, ನಾನು ಕೇಳಿದರೂ ಮಾಡುವುದಿಲ್ಲ.

ನಿನ್ನ ಎದುರು ಪಕ್ಷದ,
ಶಾಹೀನ್

ತಾ.ಕ.: ಕವರು ಅಂಟಿಸಿ ಮತ್ತೆ ಬಿಡಿಸಿದೆ. ಮೇಲೆ ನೀರು ಕುಡಿಯಲು ಒಳಗೆ ಹೋದೆ ಎಂದು ಬರೆದಿದ್ದೇನಲ್ಲ, ಅಲ್ಲಿ ನಾನು ಮಾಡಿದ್ದು ಅದಷ್ಟೇ ಅಲ್ಲ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಹೆದರಿಕೆಯಲ್ಲಿ ಆ ಹನ್ನೆರಡು ಪದಗಳನ್ನು ನನ್ನ ಫೋನಿಗೆ ಹಾಕಿ, ಹಣವನ್ನೆಲ್ಲ ನನ್ನ ಸ್ವಂತ ವ್ಯಾಲೆಟ್ಟಿಗೆ ಎಳೆದುಕೊಂಡೆ. ಕಾಪಾಡಲಿಕ್ಕೇ ಮಾಡಿದ್ದು, ನಿನ್ನಾಣೆ. ಆದರೆ ಹೊರಗೆ ಬಂದು ಕದರಮ್ಮನ ಮುಖ ನೋಡಿ ಯಾರೂ ತೆಗೆದುಕೊಂಡಿಲ್ಲ ಎಂದೆ. ಬ್ಯಾಂಕಿನವರು, ಒಕ್ಕೂಟದವರು, ಆಡಿಟ್‌ನವರು ಯಾರೂ ಮುಟ್ಟದ್ದನ್ನು ಮುಟ್ಟಿದವಳು ನಾನೊಬ್ಬಳೇ. ಐದು ದಿನದಿಂದ ಅವರೆಲ್ಲರ ಯಂತ್ರದ ಹಣ ನನ್ನ ಜೇಬಿನಲ್ಲಿದೆ, ಅಮ್ಮನಿಗೂ ಹೇಳಿಲ್ಲ. ಭಾನುವಾರ ಸರ್ವಮಂಗಳ ಆ ಫೋನು ತೆರೆದರೆ ಸೊನ್ನೆ ಕಾಣಿಸುತ್ತದೆ. ಪೆಟ್ಟಿಗೆ ತೆಗೆಯುವ ಮೊದಲೇ ಎದ್ದು ನಿಂತು ಹೇಳುತ್ತೇನೆ, ಪುಸ್ತಕದಲ್ಲಿ ಬರೆಸಿ ಸಹಿ ಹಾಕುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಆದರೆ ಬಾ.