ಅಪ್ಪನ ಕಿವಿ, ನನ್ನ ಮಾತು

ಮನೆ, ಅಡುಗೆಕೋಣೆಯ ಮೇಜು
ಇಪ್ಪತ್ತೊಂದನೇ ತಾರೀಕು, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಆರೋಗ್ಯ ಇಲಾಖೆಯ ಕುರ್ಚಿಯಲ್ಲಿ ಕೂತು ಕೂತು ಬೆನ್ನುನೋವು ಎನ್ನುತ್ತಿದ್ದೆಯಲ್ಲ, ಕಡಿಮೆಯಾಯಿತೆ? ಊರಿನವರ ಆರೋಗ್ಯದ ಚಿಂತೆ ಮಾಡುವವಳು ನಿನ್ನದನ್ನೂ ಸ್ವಲ್ಪ ನೋಡಿಕೋ. ನಾನು ಪರವಾಗಿಲ್ಲ. ಲಕ್ವ ಹೊಡೆದಾಗ ಸೊಟ್ಟಗಾದ ಬಾಯಿ ಹಾಗೇ ಇದೆ, ಆದರೆ ಮಾತು ಬೇಗನೆ ತಿರುಗಿ ಬಂತು. ಫೋನಿನಲ್ಲಿ ನೀನೇ ಕೇಳಿದ್ದೀಯ. ಹಾಲಿನವನಿಗೂ ಅರ್ಥವಾಗುತ್ತದೆ.

ನಿಮ್ಮಪ್ಪನಿಗೆ ಮಾತ್ರ ಆಗುವುದಿಲ್ಲ. ಬಂದವರಿಗೆಲ್ಲ "ಪಾಪ, ಇವಳ ಮಾತೇ ಹೋಯ್ತು" ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲೇ ಕೂತು ನಾನು "ಅಯ್ಯೋ ಮಹಾರಾಯರೇ, ಮಾತಾಡ್ತಾನೇ ಇದೀನಲ್ಲ!" ಎನ್ನುತ್ತಿದ್ದೆ. ದುಃಖಕ್ಕೆ ಹೀಗಾಡುತ್ತಾರೆ ಎಂದುಕೊಂಡಿದ್ದೆ. ಕೊನೆಗೆ ನನಗೆ ಮಾತು ಕಲಿಸಲೆಂದು ಅವರೇ ಆಸ್ಪತ್ರೆಯಿಂದ ಒಬ್ಬಳನ್ನು ಕರೆತಂದರು. ಅವಳು ನನ್ನನ್ನು ನಾಲ್ಕು ಮಾತಾಡಿಸಿ ನಕ್ಕಳು. ಆಮೇಲೆ ಅವರ ಬೆನ್ನ ಹಿಂದೆ ನಿಂತು ಜೋರಾಗಿ ಕರೆದಳು. ಅವರು ತಿರುಗಲಿಲ್ಲ. ಅವಳ ನಗು ನಿಂತಿತು.

ನಾವಿಬ್ಬರೂ ಬಟ್ಟೆ ಗಿರಣಿಯಲ್ಲಿ ಎದುರುಬದುರು ಮಗ್ಗದಲ್ಲಿದ್ದವರು, ನಿನಗೆ ಗೊತ್ತು. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಜಗಳ, ತುಟಿ ನೋಡಿಯೇ ಸರಸ. ಮದುವೆಯಾಗುತ್ತೀಯಾ ಎಂದು ಅವರು ಕೇಳಿದ್ದೂ ಹಾಗೆಯೇ. ನಿವೃತ್ತಿಯಾದ ಮೇಲೂ ನನ್ನ ಮುಖ ನೋಡದೆ ಮಾತು ಕೇಳುತ್ತಿರಲಿಲ್ಲ. ಎಂಥ ಪ್ರೀತಿ ಎಂದು ನಾನು ಬೀಗುತ್ತಿದ್ದೆ! ಅವರ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತಂತೆ. ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ನನ್ನ ಬಾಯಿ ಸೊಟ್ಟಗಾದ ದಿನ ಅವರಿಗೆ ಓದಲು ಏನೂ ಉಳಿಯಲಿಲ್ಲ.

ಪ್ರತಿ ವರ್ಷ ಆಸ್ಪತ್ರೆಯವರು ಅವರ ಕಣ್ಣು ನೋಡಿದರು, ಸಕ್ಕರೆ ನೋಡಿದರು, ಬಿಪಿ ನೋಡಿದರು. ಕಿವಿಯನ್ನು ಯಾರೂ ನೋಡಲಿಲ್ಲ. ಈಗ ಕಿವಿಗೆ ಯಂತ್ರ ಹಾಕಿದ್ದಾರೆ. ಹತ್ತು ವರ್ಷ ಮುಂಚೆ ಬಂದಿದ್ದರೆ ಚೆನ್ನಾಗಿ ಹೊಂದಿಕೊಳ್ಳುತ್ತಿತ್ತು ಎಂದರು ಡಾಕ್ಟರು. ನಿಮ್ಮಪ್ಪ ಬೆಳಿಗ್ಗೆ ಹಾಕಿಕೊಂಡು ನನ್ನೆದುರು ಕೂರುತ್ತಾರೆ, ಮಧ್ಯಾಹ್ನದೊಳಗೆ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ. "ಸದ್ದು ಬರುತ್ತೆ ಕಣೇ, ನೀನು ಬರಲ್ಲ" ಅಂದರು ಮೊನ್ನೆ. ನನಗೆ ಅಳು ತಡೆಯಲಾಗಲಿಲ್ಲ.

ಸ್ಲೇಟು ಇಟ್ಟುಕೊಂಡಿದ್ದೇವೆ. ಮಾತ್ರೆ, ನೀರು, ಬಾಗಿಲು ಹಾಕಿ, ಇಷ್ಟನ್ನು ಬರೆಯಬಹುದು. ಸುಮ್ಮನೆ ಆಡುವ ಮಾತನ್ನು ಯಾರು ಸ್ಲೇಟಿನಲ್ಲಿ ಬರೆಯುತ್ತಾರೆ, ಪುಟ್ಟೀ? ನಮ್ಮಿಬ್ಬರ ನಡುವೆ ಇದ್ದದ್ದೇ ಅದು.

ಹೊತ್ತುಹೊತ್ತಿಗೆ ಊಟ ಮಾಡು. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನೂರು ಕಾಲ ಚೆನ್ನಾಗಿರಿ.

ನಿನ್ನ
ಅಮ್ಮ

ತಾ.ಕ.: ಅರವತ್ತಾದವರಿಗೆಲ್ಲ ಕಿವಿ ಪರೀಕ್ಷೆ ಮಾಡಿಸಿದರೆ ಖರ್ಚಿಗೆ ತಕ್ಕ ಪ್ರಯೋಜನವಿಲ್ಲ, ಯಂತ್ರ ಕೊಟ್ಟರೂ ಡಬ್ಬಿಯಲ್ಲೇ ಇಡುತ್ತಾರೆ ಎಂದು ವರದಿ ಬರೆಯುತ್ತಿದ್ದೇನೆ ಅಂದಿದ್ದೆಯಲ್ಲ. ಕಳಿಸಿಬಿಟ್ಟೆಯಾ? ಕಳಿಸಿಲ್ಲದಿದ್ದರೆ ತಡಿ. ತಡವಾಗಿ ಕೊಟ್ಟದ್ದು ಡಬ್ಬಿಗೇ ಹೋಗುತ್ತದೆ, ಕಣ್ಣಾರೆ ನೋಡುತ್ತಿದ್ದೇನೆ. ಮತ್ತೆ, ಪ್ರಯೋಜನ ಯಾರಿಗೆ ಎನ್ನುವಲ್ಲಿ ನೀನು ಕಿವಿ ಕೇಳದವರನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೀಯ. ಅವರ ಜೊತೆ ಮಾತಾಡುವವರನ್ನೂ ಸೇರಿಸು. ಇಷ್ಟು ಹೊತ್ತು ಏನು ಬರೆಯುತ್ತಿದ್ದೀಯ ಎಂದು ನಿಮ್ಮಪ್ಪ ಈಗ ಬಂದು ಕೇಳಿದರು. ನಿಮ್ಮ ವಿಷಯವೇ ಎಂದೆ. ಅರ್ಥವಾಯಿತೆಂಬಂತೆ ತಲೆಯಾಡಿಸಿ, ಹೋಗಿ ಒಂದು ಲೋಟ ನೀರು ತಂದುಕೊಟ್ಟರು.